ಕಟ್ಟೆಯಲ್ಲಿ ಆಡದ ಮಾತು

ಕಳೆದ ತಿಂಗಳು ಮಣಿಪಾಲದ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಓದುವ ಮಕ್ಕಳ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ವ್ಯಾಪಾರದ ಪಾಲುದಾರಿಕೆಗಳಿಂದ ಒಂದು ಕಂಪನಿಯಲ್ಲಿ ಹೊಸತು ಹೇಗೆ ಹುಟ್ಟುತ್ತದೆ ಎಂಬುದು ವಿಷಯ. ಈ ಭಾಷಣ ನನಗೆ ಬಾಯಿಪಾಠವಾಗಿದೆ. ಪರದೆಯ ಮೇಲೆ ನಾಲ್ಕು ವೃತ್ತಗಳ ಒಂದು ಚಿತ್ರ ಹಾಕುತ್ತೇನೆ. ಒಂದು ಮಣಿಪಾಲ, ಅಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ನನ್ನ ಸಣ್ಣ ಕಾರ್ಖಾನೆ. ಇನ್ನೊಂದು ಕಾಪು, ಅಲ್ಲಿ ನನ್ನ ಪಾಲುದಾರರಾದ ಬ್ಯಾರಿ ವ್ಯಾಪಾರಿ; ಗಲ್ಫಿನ ಮಾರುಕಟ್ಟೆ ಅವರ ಕೈಯಲ್ಲಿದೆ. ಮೂರನೆಯದು ಕಾರ್ಕಳ, ಅಡಿಕೆ ಹಾಳೆಯಿಂದ ಊಟದ ತಟ್ಟೆ ಒತ್ತುವವರ ಶೆಡ್ಡು. ನಾಲ್ಕನೆಯದು ಮಲ್ಲಿಗೆಯ ಊರು ಶಂಕರಪುರ, ಅದರ ಕೆಳಗೆ 'ಸ್ಥಳೀಯ ಹೂ ಪೂರೈಕೆ' ಎಂದು ಬರೆದಿರುತ್ತದೆ. ವೃತ್ತಗಳ ನಡುವೆ ಗೆರೆ ಎಳೆದು, ಹೊಸತು ಹುಟ್ಟುವುದು ಈ ಗೆರೆಗಳಲ್ಲಿ ಎಂದು ಗಂಭೀರವಾಗಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಚಪ್ಪಾಳೆಯೂ ಬೀಳುತ್ತದೆ.

ಈ ಸಲ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಮೇಡಂ, ಹೂ ಕಟ್ಟುವ ಒಬ್ಬ ಹೆಂಗಸಿನ ಜಗಲಿಯಲ್ಲಿ ಎಲ್ಲ ಶುರುವಾಯ್ತು ಅಂತ ಹೇಳಿದ್ರಲ್ಲ. ಅವರು ಈಗ ನಿಮ್ಮ ಕಂಪನಿಯಲ್ಲಿ ಎಂತ ಆಗಿದ್ದಾರೆ?"

"ಚೆನ್ನಾಗಿದ್ದಾರೆ" ಎಂದೆ.

ಅವಳು ಕೇಳಿದ್ದು ಅದಲ್ಲ. ಅದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಆಯೋಜಕರು ಹಾರ ಹಾಕಲು ಮುಂದೆ ಬಂದದ್ದರಿಂದ ನಾನು ಬಚಾವಾದೆ. ಹಾರವೂ ಮಲ್ಲಿಗೆಯದ್ದೇ ಆಗಿತ್ತು. ಮನೆಗೆ ಬಂದವಳು ಅದನ್ನು ದೇವರ ಕೋಣೆಗೂ ಒಯ್ಯದೆ ಕಾರಿನಲ್ಲೇ ಬಿಟ್ಟೆ.

ನಾನು ಕುಂದಾಪುರದ ಕಡೆಯವಳು, ಮದುವೆಯಾಗಿ ಮಣಿಪಾಲಕ್ಕೆ ಬಂದವಳು. ಇಷ್ಟು ವರ್ಷವಾದರೂ ನನ್ನ ತುಳು ಅಷ್ಟಕ್ಕಷ್ಟೆ. ನಾನು ಬಾಯಿ ತೆರೆದರೆ ಎದುರಿನವರಿಗೆ ನಗು ಬರುತ್ತದೆ, ಕೂಡಲೇ ಕನ್ನಡಕ್ಕೆ ಹೊರಳುತ್ತಾರೆ. ಆಡಲು ಬಾರದೆ ಇದ್ದರೂ ಕೇಳಿದರೆ ಪೂರ್ತಿ ಅರ್ಥವಾಗುತ್ತದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನೊಂದು ಸುಳ್ಳು ಹೇಳಿದ್ದೇನೆ.

ಮಲ್ಲಿಗೆಯ ವಿಷಯ ತಂದವರು ಕಾಪುವಿನ ಸಾಹೇಬರು. ಅದಕ್ಕೆ ಮುಂಚೆ ಅವರು ನನ್ನಿಂದ ಹಪ್ಪಳ, ಉಪ್ಪಿನಕಾಯಿ ಕಳಿಸುವ ಪೆಟ್ಟಿಗೆ ಒಯ್ಯುತ್ತಿದ್ದರು, ಅಷ್ಟೇ ಪರಿಚಯ. ಒಂದು ದಿನ ಕಾರ್ಖಾನೆಗೆ ಬಂದು, "ಅಕ್ಕ, ಶಾರ್ಜಾದಲ್ಲಿ ನನ್ನ ಅಣ್ಣನ ಅಂಗಡಿ ಉಂಟಲ್ವಾ, ಅಲ್ಲಿ ಮದುವೆ ಅಂದ್ರೆ ನಮ್ಮ ಊರಿನವರೆಲ್ಲ ಶಂಕರಪುರ ಮಲ್ಲಿಗೆ ಕೇಳ್ತಾರೆ. ಸಂಜೆಯ ವಿಮಾನಕ್ಕೆ ಹಾಕಿದ್ರೆ ಮರುದಿನ ಮದುಮಗಳ ತಲೆಯಲ್ಲಿ ಇರಬೇಕು, ಬಿಳಿಯಾಗಿಯೇ ಇರಬೇಕು. ಅಂಥ ಪೆಟ್ಟಿಗೆ ನೀವು ಮಾಡ್ತೀರಾ?" ಎಂದರು. ಮಾಡುತ್ತೇನೆ ಎಂದೆ. ರಟ್ಟಿನ ಪೆಟ್ಟಿಗೆಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಮೊದಲ ಪೆಟ್ಟಿಗೆ ಹೋದ ಮರುದಿನ ಅವರಣ್ಣ ಫೋಟೋ ಕಳಿಸಿ, ಇದು ಹೂವೋ ಒಣ ಸಿಗಡಿಯೋ ಎಂದು ಕೇಳಿದರು. ಹೂ ನಿಜವಾಗಿಯೂ ಕಂದು ಬಣ್ಣಕ್ಕೆ ತಿರುಗಿ ಸುರುಟಿಕೊಂಡಿತ್ತು. ಎರಡನೆಯದು, ಮೂರನೆಯದೂ ಹಾಗೇ ಆಯಿತು. ಪ್ಲಾಸ್ಟಿಕ್ ಬಿಟ್ಟು ಬಾಳೆ ಎಲೆ ಸುತ್ತಿದರೆ ಎಲೆಯೇ ಕಪ್ಪಾಗಿ ಹೂವಿಗೂ ಅದರ ಬಣ್ಣ ಹತ್ತಿತು. ನನಗೆ ಸಿಟ್ಟು ಬೇಗ. ಪೇಟೆಯಿಂದ ಹೂ ತಂದರೆ ಹೀಗೇ, ಗಿಡದ ಬುಡಕ್ಕೇ ಹೋಗುತ್ತೇನೆ ಎಂದು ಕಾರು ಹತ್ತಿದೆ.

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಶಂಕರಪುರ. ರಸ್ತೆ ಬದಿಯ ಒಂದು ಮನೆಯಂಗಳದಲ್ಲಿ ಸೊಂಟದೆತ್ತರದ ಮಲ್ಲಿಗೆ ಗಿಡಗಳು ಸಾಲಾಗಿದ್ದವು. ಜಗಲಿಯಲ್ಲಿ ಕೂತು ಬಾಳೆಯ ನಾರಿನಲ್ಲಿ ಮೊಗ್ಗು ಪೋಣಿಸುತ್ತಿದ್ದ ಕ್ರಿಶ್ಚಿಯನ್ ಹೆಂಗಸಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಗಂಡ ತೀರಿಕೊಂಡು, ಮಗಳಿಗೆ ಮದುವೆಯಾಗಿ, ಅವರ ಬದುಕು ಆ ಗಿಡಗಳ ಮೇಲೇ ನಡೆಯುತ್ತಿತ್ತು. ಊರಿನಲ್ಲಿ ಎಲ್ಲರೂ ಕರೆಯುವಂತೆ ನಾನೂ ಬಾಯಮ್ಮ ಎಂದೇ ಕರೆದೆ.

ಅಲ್ಲಿಯ ವ್ಯವಸ್ಥೆ ನನಗೆ ಗೊತ್ತಿರಲಿಲ್ಲ, ಅವರೇ ವಿವರಿಸಿದರು. ಹೂ ಬೆಳೆಯುವ ಪ್ರತಿ ಮನೆಗೂ ಒಂದು ಕಟ್ಟೆ ಇರುತ್ತದೆ. ಕಟ್ಟೆ ಎಂದರೆ ಹೂ ಒಟ್ಟುಮಾಡಿ ಊರೂರಿಗೆ ಕಳಿಸುವ ವ್ಯಾಪಾರಿಯ ಜಾಗ. ಬೆಳಗ್ಗೆ ಕೊಯ್ದು, ಕಟ್ಟಿ, ಚೆಂಡಾಗಿ ಸುತ್ತಿದ ಹೂವನ್ನು ಮಧ್ಯಾಹ್ನದೊಳಗೆ ಅಲ್ಲಿಗೆ ಮುಟ್ಟಿಸಬೇಕು. ಮದುವೆಗಳ ಕಾಲದಲ್ಲಿ ಯಾರು ಎಷ್ಟು ಹೆಚ್ಚಿಗೆ ಕೊಡುತ್ತೇನೆ ಎಂದರೂ ಹೊರಗೆ ಕೊಡುವ ಹಾಗಿಲ್ಲ. ಅದಕ್ಕೆ ಬದಲಾಗಿ, ಮಳೆಗಾಲದ ಆಟಿ ತಿಂಗಳಲ್ಲಿ, ಮದುವೆಗಳಿಲ್ಲದೆ ಯಾರಿಗೂ ಹೂ ಬೇಡದ ದಿನಗಳಲ್ಲಿ, ಕಟ್ಟೆಯೂ ಬೇಡ ಎನ್ನುವ ಹಾಗಿಲ್ಲ. ಕಾಗದ ಪತ್ರ ಯಾವುದೂ ಇಲ್ಲದೆ ಎರಡು ತಲೆಮಾರಿನಿಂದ ಅದು ನಡೆದು ಬಂದಿದೆ.

ಪರೀಕ್ಷೆಗೆಂದು ನಾನು ದಿನಕ್ಕೆ ನಾಲ್ಕೈದು ಚೆಂಡು ಹೂ ಕೇಳಿದೆ. ಅವರು ಕೂಡಲೇ ಒಪ್ಪಲಿಲ್ಲ.

"ಇದು ಮದುವೆ ಸೀಸನ್ನು ಮೇಡಂ. ಕಟ್ಟೆಯವರಿಗೆ ಗೊತ್ತಾದ್ರೆ ಕಷ್ಟ ಉಂಟು."

"ಎಂತ ಕಷ್ಟವೂ ಇಲ್ಲ ಬಾಯಮ್ಮ. ಏನಾದ್ರೂ ಆದ್ರೆ ನಾನು ಬಂದು ಮಾತಾಡ್ತೇನೆ."

ಈ ಮಾತನ್ನು ಎಷ್ಟು ಸಲೀಸಾಗಿ ಆಡಿದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಆಗ ನನಗೆ ಹೂ ಬೇಕಿತ್ತು, ಸಿಕ್ಕಿತು.

ಮುಂದಿನ ಮೂರು ತಿಂಗಳು ನನ್ನ ಕೆಲಸದ ಬದುಕಿನಲ್ಲೇ ಅತ್ಯಂತ ಖುಷಿಯ ಕಾಲ. ಬೆಳಗ್ಗೆ ಹತ್ತಕ್ಕೆಲ್ಲ ನಾನು ಆ ಜಗಲಿಯಲ್ಲಿರುತ್ತಿದ್ದೆ. ವಾರಕ್ಕೆರಡು ಸಲ ಕಾಪುವಿನಿಂದ ಸಾಹೇಬರು, ಕಾರ್ಕಳದಿಂದ ತಟ್ಟೆ ಒತ್ತುವವರು ಬರುತ್ತಿದ್ದರು. ಬಾಯಮ್ಮ ಚಹಾ ಮಾಡಿಕೊಡುತ್ತಿದ್ದರು. ಯಾರಿಗೂ ಇನ್ನೊಬ್ಬರ ಕಸುಬು ಗೊತ್ತಿಲ್ಲದ್ದರಿಂದ ಎಲ್ಲರೂ ಧೈರ್ಯವಾಗಿ ಪೆದ್ದು ಪ್ರಶ್ನೆ ಕೇಳುತ್ತಿದ್ದೆವು. ಒಂದು ದಿನ ನಾನು ಆಗಷ್ಟೇ ಕಟ್ಟಿದ ಚೆಂಡನ್ನು ಪೆಟ್ಟಿಗೆಗೆ ತುಂಬಲು ಹೊರಟಾಗ ಬಾಯಮ್ಮ ನನ್ನ ಕೈ ಹಿಡಿದರು.

"ಈಗಲೇ ಮುಚ್ಚಿದ್ರೆ ಅದಕ್ಕೆ ಸೆಕೆ ಆಗ್ತದೆ ಮೇಡಂ. ಕೈಯಲ್ಲಿ ಕಟ್ಟಿದ ಬಿಸಿ ಉಂಟಲ್ವಾ ಅದರಲ್ಲಿ? ಸ್ವಲ್ಪ ಹೊತ್ತು ತಂಪಲ್ಲಿ ನೇತು ಹಾಕಿ, ಅದರ ಬೆವರು ಹೋಗಲಿ. ಮತ್ತೆ ಅಡಿಯಲ್ಲಿ ಜಾಗ ಬಿಡಿ. ನೀರು ಇಳಿಲಿಕ್ಕೆ ದಾರಿ ಬೇಡ್ವಾ?"

ಅವರು ಒಳಗೆ ಕರೆದುಕೊಂಡು ಹೋಗಿ, ನೀರಿನ ಮಡಕೆಗಳಿಟ್ಟ ಕತ್ತಲೆ ಕೋಣೆಯ ಬಿದಿರಿಗೆ ಹೂ ನೇತುಹಾಕಿ ತೋರಿಸಿದರು. ಅದನ್ನು ಕೇಳಿದ ಕಾರ್ಕಳದವರು ತೂತುಗಳಿದ್ದು ನಡುವೆ ಉಬ್ಬಿದ ಒಂದು ಹಾಳೆಯ ತಟ್ಟೆ ಒತ್ತಿ ತಂದರು. ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟು, ನೇತುಹಾಕಿ ತಣಿಸಿದ ಹೂವನ್ನು ಅದರ ಮೇಲಿಟ್ಟು ಕಳಿಸಿದೆವು. ಮೂರನೆಯ ದಿನ ಶಾರ್ಜಾದಿಂದ ಫೋಟೋ ಬಂತು. ಮದುಮಗಳ ಜಡೆಯಲ್ಲಿ ಹೂ ಬೆಳ್ಳಗಿತ್ತು. ಸಾಹೇಬರು ಜಗಲಿಯಲ್ಲೇ ಎದ್ದು ನಿಂತು ಫೋನನ್ನು ಬಾಯಮ್ಮನ ಕಣ್ಣಿನ ಹತ್ತಿರ ಹಿಡಿದರು. ಬಾಯಮ್ಮ ಕನ್ನಡಕ ತಂದು ನೋಡಿ, "ನನ್ನದೇ ಕಟ್ಟು ಅದು, ಗಂಟು ನೋಡಿದ್ರೆ ಗೊತ್ತಾಗ್ತದೆ" ಎಂದರು.

ಭಾಷಣಗಳಲ್ಲಿ ನಾನು, ಯಾವ ಐಡಿಯಾ ಯಾರದ್ದು ಎಂದು ಬೇರ್ಪಡಿಸಲಾಗದಷ್ಟು ಒಂದಾಗಿದ್ದೆವು ಎನ್ನುತ್ತೇನೆ. ಹಾಗೇನೂ ಇಲ್ಲ, ಸರಿಯಾಗಿ ಬೇರ್ಪಡಿಸಬಹುದು. ತಟ್ಟೆ ಕಾರ್ಕಳದವರದ್ದು, ಗಿರಾಕಿ ಕಾಪುವಿನವರದ್ದು, ರಟ್ಟು ನನ್ನದು, ಉಳಿದದ್ದೆಲ್ಲ ಬಾಯಮ್ಮನದ್ದು.

ಆರ್ಡರ್ ಹೆಚ್ಚಿತು. ಒಂದು ಮನೆಯ ಹೂ ಯಾವ ಮೂಲೆಗೂ ಸಾಲದಾಯಿತು. ಕಟ್ಟೆಯ ಜೊತೆ ಒಪ್ಪಂದ ಮಾಡಿಕೊಳ್ಳದೆ ದಾರಿಯಿರಲಿಲ್ಲ. ಸಾಹೇಬರೂ ನಾನೂ ಹೋದೆವು. ಅದು ಬಾಯಮ್ಮ ಹೂ ಕೊಡುತ್ತಿದ್ದ ಕಟ್ಟೆಯೇ. ಕಟ್ಟೆಯ ಹಿರಿಯರು ಎಳನೀರು ಕೊಟ್ಟು ಮರ್ಯಾದೆಯಿಂದಲೇ ಮಾತಾಡಿಸಿದರು. ಹೂ ಎಲ್ಲ ತಾವೇ ಒದಗಿಸುತ್ತೇವೆ, ಆದರೆ ತಾವು ಹೇಳಿದ ಮನೆಗಳಿಂದ ಮಾತ್ರ, ನೀವು ನೇರವಾಗಿ ಯಾರ ಮನೆಗೂ ಹೋಗಬಾರದು ಎಂದರು. ಆಮೇಲೆ ಪಕ್ಕದಲ್ಲಿದ್ದವರತ್ತ ತಿರುಗಿ ತುಳುವಿನಲ್ಲಿ ಆಡಿದರು. ಆ ರಸ್ತೆ ಬದಿಯ ಮನೆಯ ಬಾಯಮ್ಮ ಸೀಸನ್ನಿನಲ್ಲಿ ಹೂ ಹೊರಗೆ ಕೊಟ್ಟಿದ್ದಾರೆ, ಒಂದು ತಿಂಗಳಿಂದ ಅವರ ಹೂ ಇಲ್ಲಿ ತೆಗೆದುಕೊಳ್ಳುತ್ತಿಲ್ಲ, ಈ ಲೆಕ್ಕದಲ್ಲೂ ಆ ಮನೆ ಬೇಡ ಎಂದು. ಹೇಳಿ ಮುಗಿಸಿ ನನ್ನ ಮುಖ ನೋಡಿದರು.

ಒಂದು ತಿಂಗಳಿಂದ! ದಿನಾ ಚಹಾ ಕುಡಿಸುತ್ತಿದ್ದವರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಈಗಲೇ ಹೇಳಬೇಕು, ಕೇಳಿಕೊಂಡು ಹೋದವಳು ನಾನು, ತಪ್ಪು ನನ್ನದು ಎನ್ನಬೇಕು ಎಂದು ನಾಲಿಗೆಯ ತುದಿಗೆ ಬಂತು. ಆದರೆ ಹಾಗೆಂದರೆ ಹಿರಿಯರು ಮುನಿಸಿಕೊಂಡು ಒಪ್ಪಂದವೇ ಮುರಿದೀತು ಎಂಬ ಹೆದರಿಕೆಯೂ ಹಿಂದೆಯೇ ಬಂತು. ನಾನು ಎಳನೀರಿನ ಸ್ಟ್ರಾ ಬಾಯಿಗಿಟ್ಟುಕೊಂಡೆ. ಬುಂಡೆ ಆಗಲೇ ಖಾಲಿಯಾಗಿತ್ತು. ಸ್ವಲ್ಪ ಹೊತ್ತು ಕಾದು ಹಿರಿಯರು, "ಹಾಗಾದ್ರೆ ಆಯ್ತಲ್ಲ" ಎಂದರು. ಆಯಿತು ಎಂದೆ.

ಕಾರಿನಲ್ಲಿ ಸಾಹೇಬರು ಕೇಳಿದರು. "ಆ ಬಾಯಮ್ಮನ ವಿಷಯ ಹೇಳಿದ್ರಲ್ಲ ಅಕ್ಕ, ನೀವು ಒಂದು ಮಾತು ಹೇಳಬಹುದಿತ್ತು. ಹೆಂಗಸರ ಮಾತು, ನೀವೇ ಹೇಳ್ತೀರಿ ಅಂತ ನಾನು ಸುಮ್ಮನಿದ್ದೆ."

"ನನಗೆ ತುಳು ಸರಿ ಅರ್ಥ ಆಗಲಿಲ್ಲ ಸಾಹೇಬ್ರೇ. ಬಾಯಮ್ಮನ ಬಗ್ಗೆ ಎಂತ ಹೇಳಿದ್ರು?"

ಅವರು ಪಾಪ ಎಲ್ಲವನ್ನೂ ಕನ್ನಡದಲ್ಲಿ ಮತ್ತೆ ಹೇಳಿದರು. ನಾನು ಅಯ್ಯೋ ಎಂದೆ. ಹಿಂದೆ ಹೋಗಿ ಮಾತಾಡುವ ಎಂದರು. ಒಪ್ಪಂದ ಗಟ್ಟಿಯಾಗಲಿ, ಆಮೇಲೆ ಸಮಯ ನೋಡಿ ನಾನೇ ಹೇಳುತ್ತೇನೆ ಎಂದೆ. ಆ ಸಮಯವನ್ನು ನಾನು ನೋಡಲೇ ಇಲ್ಲ.

ಹೊಸ ಪ್ಯಾಕಿಂಗ್ ವಿಭಾಗ ಶುರುವಾದ ದಿನ ಬಾಯಮ್ಮನನ್ನು ಕರೆಸಿ, ಎಲ್ಲರೆದುರು ಸೀರೆ, ಹಣ್ಣು ಕೊಟ್ಟು ಕೈಮುಗಿದೆ. ಉಡುಪಿಯಲ್ಲಿ ಅರ್ಧ ದಿನ ಸುತ್ತಿ ಆರಿಸಿದ ಒಳ್ಳೆಯ ಸೀರೆ. ನಮ್ಮಲ್ಲಿ ಇದೊಂದು ಅಭ್ಯಾಸ ಉಂಟು: ಪಾಲು ಕೊಡಬೇಕಾದವರಿಗೆ ಸನ್ಮಾನ ಮಾಡಿ ಕಳಿಸಿಬಿಡುತ್ತೇವೆ. ಅವರೂ ಸಂತೋಷದಿಂದಲೇ ಫೋಟೋಕ್ಕೆ ನಿಂತರು. ಇನ್ನು ಹೂ ಕಟ್ಟೆಯಿಂದಲೇ ಬರುತ್ತದೆ, ನಿಮ್ಮ ಮನೆಯದ್ದು ಬೇಕಾಗುವುದಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮರುದಿನದಿಂದ ಅವರ ಮನೆಗೆ ಹೂವಿನ ಗಾಡಿ ಕಳಿಸುವುದನ್ನು ನಿಲ್ಲಿಸಿದೆ. ಅವರೂ ಫೋನು ಮಾಡಿ ಕೇಳಲಿಲ್ಲ.

ಕಂಪನಿ ಬೆಳೆಯಿತು. ದುಬೈ, ದೋಹಾ, ಮಸ್ಕತ್ತು ಎಂದು ಪೆಟ್ಟಿಗೆಗಳು ಹೋದವು. ಆದರೆ ಹೊಸತು ಒಂದೂ ಹುಟ್ಟಲಿಲ್ಲ. ಕಟ್ಟೆಯಿಂದ ಹೂ ಬರುತ್ತಿತ್ತು, ನಮ್ಮಿಂದ ಪೆಟ್ಟಿಗೆ ಹೋಗುತ್ತಿತ್ತು. ನಲವತ್ತು ಮನೆಗಳ ಹೂವಾದರೂ ಅದನ್ನು ಕಟ್ಟಿದ ಒಬ್ಬರ ಮುಖವೂ ನಮಗೆ ಗೊತ್ತಿರಲಿಲ್ಲ. ಕಾರ್ಕಳದವರು ಲಾರಿಯಲ್ಲಿ ತಟ್ಟೆ ಕಳಿಸಿ ಸುಮ್ಮನಾಗುತ್ತಿದ್ದರು. ಯಾರೂ ಯಾರ ಜಗಲಿಯಲ್ಲೂ ಕೂರುತ್ತಿರಲಿಲ್ಲ. ಪಾಲುದಾರರು ಹೆಚ್ಚಿದಷ್ಟೂ ಹೊಸತು ಹೆಚ್ಚುತ್ತದೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗುವುದು ಉಂಟಲ್ಲ, ಅದು ಶುದ್ಧ ಬೊಗಳೆ. ನಾಲ್ಕು ಜನ ಇದ್ದಾಗ ನಾವು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದೆವು. ನಲವತ್ತು ಮನೆ ಆದ ಮೇಲೆ ರಶೀದಿ ಕೇಳುತ್ತಿದ್ದೆವು.

ಈ ವರ್ಷದ ಮಳೆಗಾಲದಲ್ಲಿ ಮತ್ತೆ ಹೂ ಕೆಡತೊಡಗಿತು. ಹೋದ ಮಳೆಗಾಲದಲ್ಲಿ ಆರ್ಡರ್ ಕಡಿಮೆಯಿತ್ತು, ಗೊತ್ತಾಗಿರಲಿಲ್ಲ. ತಟ್ಟೆ ಬದಲಾಯಿಸಿದೆವು, ತೂತು ದೊಡ್ಡದು ಮಾಡಿದೆವು, ಹೆಚ್ಚು ಹೊತ್ತು ನೇತುಹಾಕಿದೆವು. ಎಂತ ಮಾಡಿದರೂ ಆಗಲಿಲ್ಲ. ಕಟ್ಟೆಯವರನ್ನು ಕೇಳಿದರೆ ಮಳೆಗಾಲದ ಹೂ ಹಾಗೆಯೇ ಎಂದರು. ಸಾಹೇಬರು ಫೋನಿನಲ್ಲಿ, "ಬಾಯಮ್ಮನನ್ನು ಕೇಳುವ ಅಕ್ಕ" ಎಂದರು. ಅವರಿಗೆ ಅದು ಬಹಳ ಸರಳ ವಿಷಯವಾಗಿತ್ತು.

ಬಾಯಮ್ಮ ಮನೆಯಲ್ಲಿರುವುದಿಲ್ಲ, ಈಗ ಕಟಪಾಡಿಯಲ್ಲಿ ಕೂರುತ್ತಾರೆ ಎಂದೂ ಅವರೇ ಹೇಳಿದರು. ಹೋದೆ. ಬಸ್ಸು ನಿಲ್ಲುವ ಕಡೆ, ಅಂಗಡಿಯೊಂದರ ಮಾಡಿನ ಅಂಚಿನಲ್ಲಿ, ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದರು. ಬಸ್ಸು ನಿಂತಾಗಲೆಲ್ಲ ಎದ್ದು ಕಿಟಕಿಗಳ ಹತ್ತಿರ ಹೋಗಿ ಹೂ ಎತ್ತಿ ಹಿಡಿಯುತ್ತಿದ್ದರು. ಚೆಂಡುಗಟ್ಟಲೆ ಕಟ್ಟೆಗೆ ಕೊಡುತ್ತಿದ್ದವರು ಮೊಳದ ಲೆಕ್ಕದಲ್ಲಿ ಮಾರುತ್ತಿದ್ದರು. ಕೆಲವೊಮ್ಮೆ ಯಾರಾದರೂ ಕೊಳ್ಳುತ್ತಿದ್ದರು, ಹೆಚ್ಚಿನ ಸಲ ಬಸ್ಸು ಹೊರಟುಬಿಡುತ್ತಿತ್ತು. ನಾನು ಆಚೆ ಬದಿಯಲ್ಲಿ ನಿಂತು ಆರೇಳು ಬಸ್ಸು ಹೋಗುವುದನ್ನು ನೋಡಿದೆ. ತಿರುಗಿ ಹೋಗಿಬಿಡುವ ಎಂದು ಎರಡು ಸಲ ಅನಿಸಿತು.

ನನ್ನನ್ನು ಕಂಡು ಅವರ ಮುಖ ಅರಳಿತು. ನಾನು ಕೆಟ್ಟ ಪೆಟ್ಟಿಗೆ ತೆರೆದು ತೋರಿಸಿದೆ. ಒಂದು ಚೆಂಡು ತೆಗೆದು ಕೆನ್ನೆಗೆ ಒತ್ತಿಕೊಂಡು ನೋಡಿ, ನಾರು ಬಿಡಿಸತೊಡಗಿದರು.

"ಮಳೆಗಾಲದ ಮೊಗ್ಗು ನೀರು ಕುಡಿದಿರ್ತದೆ ಮೇಡಂ, ತೊಟ್ಟು ದಪ್ಪ ಆಗಿರ್ತದೆ. ಇವರು ಬೇಸಿಗೆಯ ಹಾಗೆ ಬಿಗಿ ಕಟ್ಟಿದ್ದಾರೆ. ತೊಟ್ಟು ಜಜ್ಜಿದ್ರೆ ಅಲ್ಲಿಂದಲೇ ಕೊಳೆಯುವುದು. ನಾರು ಒಣಗಿದ್ದು ತಗೊಳ್ಳಬೇಕು, ಗಂಟು ಸಡಿಲ ಹಾಕಬೇಕು. ನೋಡಿ, ಹೀಗೆ."

ತಮ್ಮ ಬುಟ್ಟಿಯ ಹೂವನ್ನೇ ಬಿಡಿಸಿ ಮತ್ತೆ ಕಟ್ಟಿ ತೋರಿಸಿದರು. ಅಷ್ಟರಲ್ಲಿ ಎರಡು ಬಸ್ಸು ಬಂದು ಹೋದವು. ಅವರು ಏಳಲಿಲ್ಲ. ಹೊರಡುವಾಗ ನಾನು ಏನೋ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು.

"ಕಟ್ಟೆಯಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ ಮೇಡಂ? ನೀವು ಹೇಳಿದ್ರೆ ಕೇಳಿಯಾರು. ಆವತ್ತು ನಿಮಗೆ ಅವರು ಹೇಳಿದ್ದು ಅರ್ಥ ಆಗಲಿಲ್ಲಂತೆ, ಸಾಹೇಬರು ಹೇಳಿದ್ರು. ಬಿಸಿಲು ಮಳೆಯಲ್ಲಿ ಕೂರುವುದು ಅಡ್ಡಿ ಇಲ್ಲ. ಊರಿನವರ ಎದುರು ತಲೆ ಎತ್ತಲಿಕ್ಕೆ ಆಗುವುದಿಲ್ಲ. ಎಲ್ಲರೂ ಸೇರಿ ನನ್ನನ್ನು ಬಿಟ್ಟರಲ್ಲ ಅಂತ. ಇಗರ್ಜಿಗೆ ಹೋದ್ರೂ ಹಿಂದಿನ ಬೆಂಚಲ್ಲಿ ಕೂತು ಬರ್ತೇನೆ."

ಹೇಳುತ್ತೇನೆ ಎಂದೆ. ಹೂ ಸರಿಹೋಯಿತು, ಪೆಟ್ಟಿಗೆಗಳು ಮತ್ತೆ ಹೋದವು, ಎರಡು ತಿಂಗಳು ಕಳೆಯಿತು. ನಾನು ಕಟ್ಟೆಗೆ ಹೋಗಲಿಲ್ಲ. ಕಾಲೇಜಿನ ಆ ಹುಡುಗಿ ಕೇಳಿದ ಮೂರನೆಯ ದಿನ ಹೋದೆ.

ಕಟ್ಟೆಯ ಹಿರಿಯರ ಎದುರು ಕೂತು, ನನ್ನ ಹರಕುಮುರುಕು ತುಳುವಿನಲ್ಲೇ ಶುರು ಮಾಡಿದೆ. ಬಾಯಮ್ಮನ ಹತ್ತಿರ ಹೂ ಕೇಳಿದವಳು ನಾನು, ಅವರು ಬೇಡವೆಂದರೂ ಒತ್ತಾಯ ಮಾಡಿದವಳು ನಾನು, ಅವರ ಮನೆಯನ್ನು ಮತ್ತೆ ಸೇರಿಸಿಕೊಳ್ಳಿ ಎಂದೆ. ಅವರು ನಗಲಿಲ್ಲ. ಕನ್ನಡದಲ್ಲಿ ಹೇಳಿದರು.

"ಇದನ್ನು ಆವತ್ತೇ ಹೇಳಬೇಕಿತ್ತಲ್ಲ ಅಮ್ಮ. ನೀವು ಹೇಳ್ತೀರಿ ಅಂತಲೇ ನಿಮ್ಮ ಎದುರು ಆ ಮಾತು ತೆಗೆದದ್ದು. ತಪ್ಪಿಗೆ ಒಂದು ತಿಂಗಳು ನಿಲ್ಲಿಸಿದ್ದು ಸಾಕು, ನೀವು ಒಂದು ಮಾತು ಕೇಳಿದ್ರೆ ತಗೊಳ್ಳುವ ಅಂತ ಹೂ ಕೊಡುವ ಮನೆಯವರೆಲ್ಲ ಸೇರಿ ನಾವು ಮೊದಲೇ ಮಾತಾಡಿ ಆಗಿತ್ತು. ನೀವು ಸುಮ್ಮನೆ ಕೂತ್ರಿ. ನಿಮಗೇ ಆ ಮನೆ ಬೇಡ ಅಂತ ನಾವು ತಿಳಿದದ್ದು. ಈಗ ಅವರ ಜಾಗಕ್ಕೆ ಬೇರೆ ಮನೆ ಬಂದಾಯ್ತು. ಆ ಹೊಸ ಮನೆಯವರನ್ನು ಹೋಗಿ ಅಂತ ಹೇಳುವುದು ಹೇಗೆ?"

ನೋಡುವ ಎಂದರು. ಈ ಊರಿನಲ್ಲಿ ನೋಡುವ ಎಂದರೆ ಆಗುವುದಿಲ್ಲ ಎಂದೇ ಅರ್ಥ.

ಅಲ್ಲಿಂದ ನಡೆದೇ ಬಾಯಮ್ಮನ ಮನೆಗೆ ಹೋದೆ. ಭಾನುವಾರವಾದ್ದರಿಂದ ಮನೆಯಲ್ಲಿದ್ದರು, ಗಿಡಗಳ ಬುಡಕ್ಕೆ ಹಿಂಡಿ ಹಾಕುತ್ತಿದ್ದರು. ಜಗಲಿಗೆ ಕರೆದರು, ನಾನು ಹತ್ತಲಿಲ್ಲ. ಅಂಗಳದಲ್ಲೇ ನಿಂತು ಎಲ್ಲ ಹೇಳಿದೆ. ಆ ದಿನ ಕಟ್ಟೆಯವರು ತುಳುವಿನಲ್ಲಿ ಆಡಿದ ಪ್ರತಿಯೊಂದು ಮಾತೂ ನನಗೆ ಅರ್ಥವಾಗಿತ್ತು ಎಂದೆ. ಒಪ್ಪಂದ ತಪ್ಪೀತೆಂದು ಹೆದರಿ ಸುಮ್ಮನಿದ್ದೆ ಎಂದೆ. ಹಿರಿಯರು ಈಗ ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಬೈಸಿಕೊಂಡು ಹಗುರಾಗಿ ಮನೆಗೆ ಹೋಗಬೇಕೆಂಬ ಆಸೆ ನನಗಿತ್ತು ಎಂದು ಈಗ ಅನಿಸುತ್ತದೆ.

ಬಾಯಮ್ಮ ಕೈಯ ಹಿಂಡಿಯನ್ನು ಸೀರೆಗೆ ಒರೆಸಿಕೊಂಡರು.

"ನನ್ನನ್ನು ತಗೊಳ್ಳುವ ಅಂತ ಅವರು ಮೊದಲೇ ಮಾತಾಡಿದ್ರಾ?"

"ಹೌದು ಬಾಯಮ್ಮ."

"ಎಲ್ಲರೂ ಒಪ್ಪಿದ್ರಾ? ಈ ಪಕ್ಕದ ಮನೆಯವರೂ?"

"ಹಾಗೇ ಹೇಳಿದ್ರು."

ಅವರ ಕಣ್ಣು ತುಂಬಿತು. ಅದು ದುಃಖವಲ್ಲ, ಸಂತೋಷ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೂವರೆ ವರ್ಷದಿಂದ ತಗ್ಗಿಸಿಕೊಂಡೇ ಇದ್ದ ಮುಖವನ್ನು ಎತ್ತಿ ಪಕ್ಕದ ಮನೆಯ ಕಡೆ ನೋಡಿದರು.

"ಹಾಗಾದ್ರೆ ನನ್ನನ್ನು ಬಿಟ್ಟದ್ದು ಊರಿನವರಲ್ಲ" ಎಂದರು. ಆಮೇಲೆ ಬೇಲಿಯ ಹತ್ತಿರ ಹೋಗಿ, ಪಕ್ಕದ ಮನೆಯ ಹೆಂಗಸನ್ನು ಹೆಸರು ಹಿಡಿದು ಗಟ್ಟಿಯಾಗಿ ಕರೆಯತೊಡಗಿದರು. ನಾನು ಅಂಗಳದಲ್ಲಿ ನಿಂತಿದ್ದೇನೆ ಎಂಬುದು ಅವರಿಗೆ ಮರೆತೇ ಹೋಗಿತ್ತು.